ಕಲಬುರಗಿಯಲ್ಲಿ ಸ್ವಂತ ಸಣ್ಣ ವಿಮಾನ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮೂವರು ಗೆಳೆಯರು ಸೇರಿ ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ವಿಮಾನ ಇಟ್ಟುಕೊಂಡಿದ್ದೇವೆ. ಒಬ್ಬನದು ದಾಲ್ ಮಿಲ್, ಒಬ್ಬರು ಮಕ್ಕಳ ಡಾಕ್ಟರ್, ನಾನು ಕಟ್ಟಡದ ಕಂಟ್ರಾಕ್ಟರ್. ಮದುವೆ ಮನೆಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತಾಗಲೂ ಜನ ಅವೇ ಪ್ರಶ್ನೆ ಕೇಳುತ್ತಾರೆ. ಎಲ್ಲರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆದಿಟ್ಟಿದ್ದೇನೆ.

ಮೈಲೇಜ್ ಎಷ್ಟ್ ಕೊಡ್ತದ್ರೀ?

ಹತ್ತರಲ್ಲಿ ಒಂಬತ್ತು ಜನ ಮೊದಲು ಕೇಳೋದು ಇದನ್ನೇ. ವಿಮಾನದಲ್ಲಿ ಲೆಕ್ಕ ಗಂಟೆಗೆ ಎಷ್ಟು ಲೀಟರ್ ಅಂತ. ನಮ್ಮದು ಗಂಟೆಗೆ ಸುಮಾರು 34 ಲೀಟರ್ ಕುಡಿಯುತ್ತದೆ. ಆ ಒಂದು ಗಂಟೆಯಲ್ಲಿ ಹೆಚ್ಚುಕಡಿಮೆ 220 ಕಿಲೋಮೀಟರ್ ಹೋಗುತ್ತದೆ. ಅಂದರೆ ಲೀಟರಿಗೆ ಆರೂವರೆ ಕಿಲೋಮೀಟರ್. ಹಳೇ ಅಂಬಾಸಡರ್ ಕಾರು ಇದಕ್ಕಿಂತ ಪರವಾಗಿಲ್ಲ. ಆದರೆ ಇಲ್ಲಿ ತಿರುವಿಲ್ಲ, ಹಂಪ್ ಇಲ್ಲ, ಟೋಲ್ ಇಲ್ಲ. ಎದುರುಗಾಳಿ ಬಂದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು.

ಎಷ್ಟು ಬೀಳುತ್ತದೆ?

ಹೊಸ ಸೆಸ್ನಾ 172ಗೆ ಅಮೆರಿಕದಲ್ಲೇ 4 ಲಕ್ಷ ಡಾಲರ್ ಮೇಲೆ. ಅದರ ಮೇಲೆ ಇಲ್ಲಿಗೆ ತರುವ ಖರ್ಚು, ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿಯೇ ಶೇ. 40. ಹಾಗಾಗಿ ನಮ್ಮಂಥವರು ದೇಶದೊಳಗೇ ಇರುವ, ಆಗಲೇ ನೋಂದಣಿಯಾಗಿರುವ ಹಳೆಯ ವಿಮಾನ ಹುಡುಕುತ್ತೇವೆ. ಕಾರಿಗೆ ಕೆಎ 32 ಇದ್ದ ಹಾಗೆ ಭಾರತದ ಎಲ್ಲ ವಿಮಾನಗಳ ನಂಬರ್ 'ವಿಟಿ'ಯಿಂದ ಶುರು.

ಕೊಳ್ಳುವ ದುಡ್ಡಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಟ್ಟುಕೊಳ್ಳುವ ದುಡ್ಡಿನ ಬಗ್ಗೆ ಯಾರೂ ಕೇಳಲ್ಲ. ಎತ್ತು ಕಟ್ಟಿದ ಮೇಲೆ ಹೊಲ ಉಳದಿದ್ದರೂ ಮೇವು ಹಾಕಲೇಬೇಕು ಅಲ್ವಾ? ಇದೂ ಹಾಗೇ. ನಿಲ್ಲಿಸುವ ಬಾಡಿಗೆ, ವಿಮೆ, ವರ್ಷದ ತಪಾಸಣೆ, ಎಂಜಿನ್ನಿಗೆಂದು ತೆಗೆದಿಡುವ ಹಣ, ಇವೆಲ್ಲ ಒಂದು ದಿನವೂ ಹಾರದಿದ್ದರೂ ತಪ್ಪಲ್ಲ. ಒಬ್ಬನೇ ಕೊಳ್ಳಬೇಡಿ. ಮೂವರು ಸೇರಿ, ಹಾರುವ ಮೊದಲೇ ಕರಾರು ಬರೆಯಿರಿ. ಯಾರಿಗೆ ಯಾವ ವಾರ, ಟೈರ್ ಒಡೆದರೆ ಯಾರು ಕೊಡಬೇಕು, ಒಬ್ಬ ಬಿಟ್ಟು ಹೋದರೆ ಅವನ ಪಾಲಿಗೆ ಬೆಲೆ ಕಟ್ಟೋದು ಹೇಗೆ, ಎಲ್ಲ ಅದರಲ್ಲಿರಲಿ. ನಮ್ಮ ಕರಾರು ನಾಲ್ಕು ಪುಟ ಇದೆ. ಸ್ನೇಹ ಉಳಿದಿರೋದು ಆ ನಾಲ್ಕು ಪುಟದಿಂದಲೇ.

ಓಡಿಸೋಕೆ ಯಾವ ಲೈಸೆನ್ಸ್ ಬೇಕು?

ಖಾಸಗಿ ಪೈಲಟ್ ಲೈಸೆನ್ಸ್, ಅಂದರೆ ಪಿಪಿಎಲ್. ಕೊಡುವುದು ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ. 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಎರಡನೇ ದರ್ಜೆಯ ವೈದ್ಯಕೀಯ ಸರ್ಟಿಫಿಕೇಟ್ ಬೇಕು, ಕಡಿಮೆ ಅಂದರೂ 40 ಗಂಟೆ ಹಾರಾಟ ಆಗಬೇಕು. ವಿಮಾನ ಹಾರಿಸಿಯೇ ಹೊಟ್ಟೆ ಹೊರೆಯಬೇಕು ಅನ್ನುವವರ ಲೈಸೆನ್ಸ್ ಬೇರೆ. ಅದಕ್ಕೆ 200 ಗಂಟೆ. ವಿಮಾನ ನಿಲ್ದಾಣದಲ್ಲೇ ತರಬೇತಿ ಶಾಲೆಗಳಿರುವುದರಿಂದ ಈಗ ಕಲಿಯೋಕೆ ಊರು ಬಿಡಬೇಕಾಗಿಲ್ಲ.

40 ಗಂಟೆಯಲ್ಲೇ ಮುಗಿಯುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಅಂಗಡಿ, ಮನೆ, ಮದುವೆ ನೋಡಿಕೊಂಡು ಕಲಿಯುವವರು ನಡುವೆ ಮೂರು ವಾರ ಬಿಡುತ್ತಾರೆ. ಮೂರು ವಾರ ಬಿಟ್ಟರೆ ಕಲಿತ ಲ್ಯಾಂಡಿಂಗ್ ಅರ್ಧ ಮರೆತಿರುತ್ತದೆ. ನನಗೆ 61 ಗಂಟೆ ಹಿಡಿಯಿತು. ನಾಚಿಕೆ ಏನಿಲ್ಲ.

ರೇಡಿಯೋದಲ್ಲಿ ಮಾತಾಡೋಕೆ ಬೇರೆ ಪರೀಕ್ಷೆ ಇದೆ. ಓದಿನಲ್ಲಿ ಚುರುಕಾದವರೂ ಇಲ್ಲಿ ತಡವರಿಸುತ್ತಾರೆ. ನಾನು ದಿನಾ ಸ್ಕೂಟರ್ ಮೇಲೆ ಹೋಗುತ್ತಾ ಹೆಲ್ಮೆಟ್ ಒಳಗೇ ಟವರ್ ಜೊತೆ ಮಾತಾಡಿ ರೂಢಿ ಮಾಡಿಕೊಂಡೆ. ಸಿಗ್ನಲ್‌ನಲ್ಲಿ ಪಕ್ಕದವರು ತಿರುಗಿ ನೋಡುತ್ತಿದ್ದರು.

ನನಗೆ ಕನ್ನಡಕ ಇದೆ, ಆಗುತ್ತದಾ?

ಆಗುತ್ತದೆ. ಕನ್ನಡಕ ಹಾಕಿ ಸರಿಯಾಗಿ ಕಂಡರೆ ಸಾಕು. ಜೇಬಿನಲ್ಲಿ ಇನ್ನೊಂದು ಜೊತೆ ಇಟ್ಟುಕೊಳ್ಳಿ.

ಎಲ್ಲಿ ನಿಲ್ಲಿಸ್ತೀರಿ?

ಶ್ರೀನಿವಾಸ ಸರಡಗಿ ಹತ್ತಿರದ ನಮ್ಮ ವಿಮಾನ ನಿಲ್ದಾಣದಲ್ಲೇ. 2019ರ ನವೆಂಬರ್ 22ರಂದು ಅದು ಶುರುವಾಯಿತು. ರನ್‌ವೇ 3,175 ಮೀಟರ್ ಉದ್ದ. ನಮ್ಮ ವಿಮಾನಕ್ಕೆ ಅದರ ಕಾಲು ಭಾಗವೂ ಬೇಡ. ದೊಡ್ಡ ಜಾತ್ರೆಯ ಬಯಲಿನಲ್ಲಿ ಒಬ್ಬನೇ ಸೈಕಲ್ ಹೊಡೆದ ಹಾಗಿರುತ್ತದೆ.

ಬಯಲಲ್ಲಿ ನಿಲ್ಲಿಸುವುದಾದರೆ ಎರಡು ರೆಕ್ಕೆಗೂ ಬಾಲಕ್ಕೂ ಹಗ್ಗ ಕಟ್ಟಲೇಬೇಕು. ಖಾಲಿ ವಿಮಾನದ ತೂಕ ಮುಕ್ಕಾಲು ಟನ್ ಆಸುಪಾಸು, ಅಷ್ಟೇ. ಮೇ ತಿಂಗಳ ಸಂಜೆ ಗುಡುಗು ಮಳೆಗೆ ಮುಂಚೆ ಬೀಸುವ ಗಾಳಿ ಟಿನ್ ಶೆಡ್ಡನ್ನೇ ಕಿತ್ತುಹಾಕುತ್ತದೆ. ರೆಕ್ಕೆ ಇರೋದನ್ನು ಬಿಡುತ್ತದಾ?

ನಮ್ಮ ಹೊಲದಾಗ ಇಳಸ್ತೀರೇನ್ರೀ?

ಇಲ್ಲ ಕಾಕಾ. ಚಹಾ ಕುಡಿಸ್ತೀನಿ ಅಂದರೂ ಇಲ್ಲ. ಸ್ವಂತ ಜಾಗದಲ್ಲಿ ವಿಮಾನ ಇಳಿಸಬೇಕು ಅಂದರೆ ಡಿಜಿಸಿಎಯಿಂದ ಹಿಡಿದು ಜಿಲ್ಲಾಡಳಿತದವರೆಗೆ ಒಪ್ಪಿಗೆ ಬೇಕು. ಅದೆಲ್ಲ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನಮ್ಮ ಎರೆಮಣ್ಣು ಸುಮ್ನೆ ಬಿಡಲ್ಲ. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಮನೆ ಕಟ್ಟುವಾಗ ನಾನು ಪಾಯಕ್ಕೆ ಇದೇ ಮಣ್ಣಿನ ಜೊತೆ ದಿನಾ ಜಗಳ ಆಡುತ್ತೇನೆ. ರನ್‌ವೇಗೆ ಬೇರೆ ಆಡೋಕೆ ನನ್ನಿಂದಾಗಲ್ಲ.

ನಮ್ಮ ಬೇಸಿಗೆಯಲ್ಲಿ ಹಾರಬಹುದಾ?

ಹಾರಬಹುದು. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ.

ಕಾರಣ ಹೇಳುತ್ತೇನೆ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಎಂಜಿನ್ನಿಗೆ ಉಸಿರು ಸಾಲಲ್ಲ, ಪ್ರೊಪೆಲ್ಲರ್‌ಗೆ ಹಿಡಿತ ಸಿಗಲ್ಲ, ರೆಕ್ಕೆ ಎತ್ತಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಮೇಲಿದೆ. ಆ ಎತ್ತರಕ್ಕೆ ಪುಸ್ತಕದ ಲೆಕ್ಕದ ಉಷ್ಣಾಂಶ 12 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಇಲ್ಲಿ 43. ವ್ಯತ್ಯಾಸ 31 ಡಿಗ್ರಿ. ಒಂದೊಂದು ಡಿಗ್ರಿಗೆ 120 ಅಡಿ ಸೇರಿಸಿ. ಒಟ್ಟು 5,200 ಅಡಿ ದಾಟುತ್ತದೆ. ಅಂದರೆ ವಿಮಾನ ನಿಂತಿರೋದು ಸರಡಗಿಯಲ್ಲಿ, ಆದರೆ ಅದಕ್ಕೆ ಮಡಿಕೇರಿಗಿಂತ ಸಾವಿರ ಅಡಿಗೂ ಹೆಚ್ಚು ಮೇಲೆ ನಿಂತ ಹಾಗೆ ಅನ್ನಿಸುತ್ತಿರುತ್ತದೆ. ಮಡಿಕೇರಿಯ ತಂಪು ಮಾತ್ರ ಇಲ್ಲ.

ರನ್‌ವೇ ಉದ್ದ ಇರೋದರಿಂದ ನೆಲ ಬಿಡೋಕೆ ತೊಂದರೆ ಆಗಲ್ಲ. ಬಿಟ್ಟ ಮೇಲೆ ಕಷ್ಟ. ಮೇಲೇರುವುದು ನಿಧಾನ, ಆಯಿಲ್ ಬಿಸಿ ಏರುತ್ತಾ ಹೋಗುತ್ತದೆ. ಜೊತೆಗೆ ಕಾದ ಹೊಲಗಳಿಂದ ಏಳುವ ಗಾಳಿ. ಕೆಳಗೆ ನಿಂತವರಿಗೆ ಅದು ಸುಳಿಗಾಳಿಯಾಗಿ ಕಸ ಎತ್ತಿಕೊಂಡು ಓಡೋದು ಕಾಣುತ್ತದೆ. ಮೇಲೆ ಕೂತವನಿಗೆ ಕಾಣಲ್ಲ, ನೇರ ಸೊಂಟಕ್ಕೇ ತಿಳಿಯುತ್ತದೆ.

ಇನ್ನೊಂದು ಕಾಟ ಇದೆ. ಬಿಸಿ ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಕೂತಿರುತ್ತದೆ. ಕೆಮ್ಮುತ್ತದೆ, ನಿಲ್ಲುತ್ತದೆ, ಮತ್ತೆ ಕೆಮ್ಮುತ್ತದೆ. ಹಟ ಹಿಡಿದು ಸ್ಟಾರ್ಟರ್ ಒತ್ತುತ್ತಾ ಹೋದರೆ ಬ್ಯಾಟರಿ ಸಾಯುತ್ತದೆ. ಎಂಜಿನ್ ಮೇಲಿನ ಆಯಿಲ್ ಹಾಕುವ ಸಣ್ಣ ಬಾಗಿಲು ತೆರೆದಿಟ್ಟು, ನೆರಳಲ್ಲಿ ಕೂತು ಮಜ್ಜಿಗೆ ಕುಡಿಯೋದೇ ಒಳ್ಳೇ ಉಪಾಯ.

ನಾಲ್ಕು ಸೀಟು ಅಂದರೆ ನಾಲ್ಕು ಜನ ತಾನೇ?

ಅಲ್ಲ. ಈ ಮಾತಿಗೆ ಬೀಗರು ಮುನಿಸಿಕೊಂಡದ್ದೂ ಇದೆ. ನಮ್ಮ ವಿಮಾನ ಎಲ್ಲ ಸೇರಿ 1,157 ಕಿಲೋ ಮೀರಬಾರದು. ಅದರ ಸ್ವಂತ ತೂಕ ಸುಮಾರು 760. ಟ್ಯಾಂಕ್ ಪೂರ್ತಿ ತುಂಬಿಸಿದರೆ ಇಂಧನವೇ 144 ಕಿಲೋ. ಉಳಿದಿದ್ದು 250. ಜೋಳದ ರೊಟ್ಟಿ ತಿಂದು ಬೆಳೆದ ಮೂವರು ಕೂತರೆ ಮುಗಿಯಿತು. ನಾಲ್ವರು ಬರಬೇಕೆಂದರೆ ಟ್ಯಾಂಕ್ ಅರ್ಧ ಮಾತ್ರ, ಹಾಗಾಗಿ ದೂರವೂ ಅರ್ಧ. ಎಷ್ಟು ತೂಕ ಅಂತ ಕೇಳಿದಾಗ ನಿಜ ಹೇಳಿ. ನಾನು ಅನುಮಾನ ಬಂದವರನ್ನು ತಕ್ಕಡಿ ಮೇಲೆ ನಿಲ್ಲಿಸುತ್ತೇನೆ, ದಾಲ್ ಮಿಲ್ ಗೆಳೆಯನಿಗೆ ತಕ್ಕಡಿ ಏನು ಕಡಿಮೆಯೇ.

ಹಾರುವ ಮುಂಚೆ ಅಷ್ಟೊತ್ತು ಸುತ್ತಲೂ ಏನು ನೋಡ್ತಿರ್ತೀರಿ?

ಹುಳ, ನೀರು, ಬಿರುಕು.

ನೀರು ಹೇಗೆ ಅಂದರೆ, ರೆಕ್ಕೆಯ ಕೆಳಗೆ ಸಣ್ಣ ಸಣ್ಣ ಕವಾಟಗಳಿವೆ. ನಮ್ಮದರಲ್ಲಿ ಒಂದೊಂದು ರೆಕ್ಕೆಗೆ ಐದು, ಎಂಜಿನ್ ಕೆಳಗೆ ಮೂರು, ಒಟ್ಟು 13. ಒಂದೊಂದರಿಂದಲೂ ಪಾರದರ್ಶಕ ಕಪ್ಪಿಗೆ ಸ್ವಲ್ಪ ಇಂಧನ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ವಿಮಾನದ ಪೆಟ್ರೋಲ್ ತಿಳಿನೀಲಿ ಬಣ್ಣ. ತಳದಲ್ಲಿ ಬಣ್ಣ ಇಲ್ಲದ ಗುಳ್ಳೆ ಕೂತಿದ್ದರೆ ಅದು ನೀರು. ಮತ್ತೆ ಬಿಡು, ಮತ್ತೆ ನೋಡು. ಪೂರ್ತಿ ಕಪ್ಪಿಗೆ ಬಣ್ಣವೇ ಇಲ್ಲದಿದ್ದರೆ ಖುಷಿಪಡಬೇಡಿ, ಅದು ಪೂರ್ತಿ ನೀರೇ ಇರಬಹುದು.

ಹುಳದ ಕಥೆ ಇದು. ರೆಕ್ಕೆಯ ಕೆಳಗೆ ಬೆರಳಷ್ಟು ದಪ್ಪದ ಒಂದು ಕೊಳವೆ ಇದೆ, ಪಿಟೋ ಟ್ಯೂಬ್ ಅಂತ. ಎದುರಿನಿಂದ ಬರುವ ಗಾಳಿ ಅದರೊಳಗೆ ಹೊಕ್ಕು ವೇಗ ಎಷ್ಟು ಅಂತ ಮುಳ್ಳಿಗೆ ಹೇಳುತ್ತದೆ. ನಿಲ್ಲಿಸಿದಾಗ ಅದಕ್ಕೆ ಕೆಂಪು ಪಟ್ಟಿಯ ಟೋಪಿ ಹಾಕಬೇಕು. ಒಂದು ಅಕ್ಟೋಬರ್‌ನಲ್ಲಿ ನಾನು ಟೋಪಿ ಮರೆತು ಮನೆಗೆ ಹೋದೆ. ಮೂರು ದಿನ. ನಾಲ್ಕನೇ ದಿನ ಬಂದು ಸುತ್ತ ನೋಡಿದೆ. ಕೊಳವೆಯನ್ನೂ ನೋಡಿದೆ ಅಂತ ಅಂದುಕೊಂಡೆ. ರನ್‌ವೇ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟೆ. ವಿಮಾನ ಓಡುತ್ತಿದೆ, ಅಂಚಿನ ದೀಪಗಳು ಹಿಂದಕ್ಕೆ ಹಾರುತ್ತಿವೆ, ವೇಗದ ಮುಳ್ಳು ಮಾತ್ರ ಸೊನ್ನೆಯ ಮೇಲೆ ಮಲಗಿದೆ. ಮೂಗು ಎತ್ತಬೇಕಾದ್ದು 55 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗಕ್ಕೆ. 55 ಆಯಿತೋ ಇಲ್ಲವೋ ಯಾರಿಗೆ ಗೊತ್ತು? ಥ್ರಾಟಲ್ ಎಳೆದೆ, ಬ್ರೇಕ್ ಹಾಕಿದೆ, ಟವರ್‌ಗೆ ಹೇಳಿ ವಾಪಸ್ ಬಂದೆ. ಟಾರ್ಚ್ ಬಿಟ್ಟು ನೋಡಿದರೆ ಕೊಳವೆಯ ಒಳಗೆ ಅಚ್ಚುಕಟ್ಟಾಗಿ ಮೆತ್ತಿದ ಎರೆಮಣ್ಣು. ಕಣಜದ ಗೂಡು. ಕಡ್ಡಿ ಹಾಕಿ ಕೆದಕಬಾರದು, ಮಣ್ಣು ಇನ್ನೂ ಒಳಗೆ ಹೋಗುತ್ತದೆ. ಎಂಜಿನಿಯರ್ ಬಂದು ಪೈಪ್ ಬಿಚ್ಚಿ ತೆಗೆದರು. ಟೋಪಿ ಬೆಲೆ ಒಂದು ಊಟದಷ್ಟೂ ಇಲ್ಲ.

ಆಮೇಲೆ ಎಂಜಿನ್ ಮುಂದಿನ ಗಾಳಿಕಿಂಡಿಯೊಳಗೂ ಕೈ ಹಾಕಿ ನೋಡುತ್ತೇನೆ. ಗೊರವಂಕಕ್ಕೆ ಗೂಡು ಕಟ್ಟೋಕೆ ಒಂದು ಬೆಳಗಿನ ಹೊತ್ತು ಸಾಕು. ಒಣಹುಲ್ಲು, ಬಿಸಿ ಎಂಜಿನ್. ಮುಂದೆ ಹೇಳಬೇಕಾಗಿಲ್ಲ.

ಸರ್ವಿಸ್ ಯಾರು ಮಾಡ್ತಾರೆ? ನಮ್ಮ ಮೆಕ್ಯಾನಿಕ್ ಭಾಳ ಚಲೋ ಇದ್ದಾನೆ.

ಇರಬಹುದು. ಆದರೆ ಡಿಜಿಸಿಎ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಹಾಕದೆ ವಿಮಾನ ಮೇಲೇಳುವ ಹಾಗಿಲ್ಲ. ಪ್ರತಿ 50 ಗಂಟೆಗೆ ಆಯಿಲ್ ಬದಲಿಸಬೇಕು. ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ, ಲೋಹದ ಚೂರು ಇದೆಯಾ ಅಂತ ನೋಡಬೇಕು. 100 ಗಂಟೆಗೆ ದೊಡ್ಡ ತಪಾಸಣೆ. ವರ್ಷಕ್ಕೊಮ್ಮೆ ಹಾರಾಟಕ್ಕೆ ಯೋಗ್ಯ ಅನ್ನುವ ಸರ್ಟಿಫಿಕೇಟ್ ನವೀಕರಣ. ಒಂದು ಬೋಲ್ಟ್ ಬದಲಿಸಿದರೂ ಲಾಗ್‌ಬುಕ್‌ನಲ್ಲಿ ಬರೆಯಬೇಕು, ಆ ಬೋಲ್ಟಿಗೂ ಅದರದೇ ಕಾಗದ ಇರಬೇಕು. ಹಳೇ ವಿಮಾನ ಕೊಳ್ಳುವವರು ಬಣ್ಣ ನೋಡುವ ಮೊದಲು ಲಾಗ್‌ಬುಕ್ ಓದಿ. ಲಾಗ್‌ಬುಕ್ ಕಳೆದ ವಿಮಾನ ಅಂದರೆ ಪಹಣಿ ಇಲ್ಲದ ಹೊಲ.

ಎಂಜಿನ್ ಆಯುಸ್ಸು ತಯಾರಕರ ಪ್ರಕಾರ 2,000 ಗಂಟೆ ಇಲ್ಲವೇ 12 ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ 100 ಗಂಟೆ ಹಾರಿಸಿದರೂ 12 ವರ್ಷಕ್ಕೆ 1,200 ಗಂಟೆ ಅಷ್ಟೇ ಆಗಿರುತ್ತದೆ. ಹಾಗಂತ ಕಡಿಮೆ ಹಾರಿಸಿ ಉಳಿಸೋಕೆ ಹೋಗಬೇಡಿ. ನಿಂತ ಎಂಜಿನ್ನಿನ ಒಳಗೆ ಆಯಿಲ್ ಇಳಿದುಹೋಗಿ ಕ್ಯಾಮ್‌ಶಾಫ್ಟ್ ತುಕ್ಕು ಹಿಡಿಯುತ್ತದೆ. ಮಳೆಗಾಲ ಪೂರ್ತಿ ನಿಲ್ಲಿಸಿದ ವಿಮಾನ ದಿನಾ ಹಾರುವ ವಿಮಾನಕ್ಕಿಂತ ಬೇಗ ಹಾಳಾಗುತ್ತದೆ.

ಬಂಕಿನ ಪೆಟ್ರೋಲ್ ಹಾಕಿದರೆ?

ನಮ್ಮದಕ್ಕೆ ಆಗಲ್ಲ. ನಮ್ಮ ಎಂಜಿನ್ನಿಗೆ ಬೇಕಾದ್ದು ಏವ್‌ಗ್ಯಾಸ್ 100 ಎಲ್ಎಲ್ ಅನ್ನುವ ವಿಮಾನದ ಪೆಟ್ರೋಲ್. ಬಂಕಿನ ಪೆಟ್ರೋಲ್‌ನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಸೀಲುಗಳನ್ನು ತಿನ್ನುತ್ತದೆ. ಏವ್‌ಗ್ಯಾಸ್ ಮೊದಲು ಹೊರದೇಶದಿಂದಲೇ ಬರುತ್ತಿತ್ತು. 2022ರಲ್ಲಿ ಇಂಡಿಯನ್ ಆಯಿಲ್ ವಡೋದರಾದ ತನ್ನ ಸಂಸ್ಕರಣಾಗಾರದಲ್ಲಿ ತಯಾರಿಸಲು ಶುರುಮಾಡಿತು. ಆದರೂ ಎಲ್ಲ ನಿಲ್ದಾಣದಲ್ಲೂ ಸಿಗಲ್ಲ. ಹೊರಡುವ ಮುಂಚೆ ಹೋಗುವ ಊರಿಗೆ ಫೋನ್ ಮಾಡಿ ಕೇಳಿ. ನಾನು ಒಮ್ಮೆ ಕೇಳದೆ ಹೋಗಿ, ಡ್ರಮ್ ಬರುವವರೆಗೆ ಎರಡು ದಿನ ಲಾಡ್ಜ್‌ನಲ್ಲಿ ಕೂತಿದ್ದೆ.

ಮನಸ್ಸಾದಾಗ ಎದ್ದು ಹೊರಟುಬಿಡಬಹುದಾ?

ಇದು ಬುಲೆಟ್ ಬೈಕಲ್ಲ. ಬೇರೆ ಊರಿಗೆ ಹೋಗಬೇಕೆಂದರೆ ಮೊದಲು ಫ್ಲೈಟ್ ಪ್ಲಾನ್ ಹಾಕಬೇಕು. ಆಮೇಲೆ ಎರಡು ನಂಬರ್ ಪಡೆಯಬೇಕು, ಒಂದು ಎಫ್ಐಸಿ, ಇನ್ನೊಂದು ಎಡಿಸಿ. ಎಫ್ಐಸಿ ಅಂದರೆ ವಿಮಾನ ಮಾಹಿತಿ ಕೇಂದ್ರ ಕೊಡುವ ನಂಬರ್. ಎಡಿಸಿ ಅಂದರೆ ದೇಶದ ವಾಯುರಕ್ಷಣೆಯವರ ಒಪ್ಪಿಗೆ. ಆಕಾಶದಲ್ಲಿ ಕಾಣುವ ಚುಕ್ಕೆ ಯಾರದು ಅಂತ ಅವರಿಗೆ ಗೊತ್ತಿರಬೇಕು. ಟವರ್ ಕೆಲಸದ ವೇಳೆ, ಆ ದಿನದ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ), ಹವಾಮಾನ, ಎಲ್ಲ ನೋಡಿಕೊಳ್ಳಬೇಕು. ಕಣ್ಣಳತೆಯಲ್ಲಿ ಹಾರುವ ನಮ್ಮಂಥವರಿಗೆ ಸೂರ್ಯೋದಯಕ್ಕೆ 20 ನಿಮಿಷ ಮೊದಲಿನಿಂದ ಸೂರ್ಯಾಸ್ತದ 20 ನಿಮಿಷದ ನಂತರದವರೆಗೆ ಮಾತ್ರ ಅವಕಾಶ. 5 ಕಿಲೋಮೀಟರ್ ದೂರ ಕಾಣುತ್ತಿರಬೇಕು. ಚಳಿಗಾಲದಲ್ಲಿ ಬೆಳಗಿನ ಮಂಜು ಕವಿದರೆ ಥರ್ಮಾಸ್ ಚಹಾ ಖಾಲಿಯಾಗುವವರೆಗೆ ಕಾಯೋದು, ಅಷ್ಟೇ.

ಬೀದರ್, ಯಾದಗಿರಿಗೆ ಹೋಗಿದ್ದೀರಾ?

ಬೀದರ್ ನೇರ ಗೆರೆಯಲ್ಲಿ ಸುಮಾರು 90 ಕಿಲೋಮೀಟರ್, ಅರ್ಧ ಗಂಟೆಯೂ ಬೇಡ. ಆದರೆ ಅದು ವಾಯುಪಡೆಯ ನೆಲೆ. ಹಾಕ್ ಜೆಟ್‌ಗಳಲ್ಲಿ ಪೈಲಟ್‌ಗಳು ತರಬೇತಿ ಪಡೆಯುವುದು ಅಲ್ಲೇ, ಆಕಾಶದಲ್ಲಿ ಕಸರತ್ತು ಮಾಡುವ ಸೂರ್ಯಕಿರಣ್ ತಂಡದ ಮನೆಯೂ ಅದೇ. 2020ರಿಂದ ನಾಗರಿಕ ಟರ್ಮಿನಲ್ ಇದ್ದರೂ ಆಕಾಶ ವಾಯುಪಡೆಯದು. ಮೊದಲೇ ಅನುಮತಿ ಇಲ್ಲದೆ ಹತ್ತಿರವೂ ಸುಳಿಯಬೇಡಿ. ಬೀದರ್ ಕೋಟೆ ಮೇಲಿಂದ ನೋಡೋ ಆಸೆ ನನಗೂ ಇದೆ, ಆಸೆಯಾಗಿಯೇ ಇದೆ.

ಯಾದಗಿರಿಯಲ್ಲಿ ವಿಮಾನ ನಿಲ್ದಾಣ ಇಲ್ಲ. ಮೇಲಿಂದ ನೋಡಿ ವಾಪಸ್ ಬರೋದು. ಹೊಸಬರಿಗೆ ದಾರಿ ಕಲಿಯೋಕೆ ಅದು ಚೆನ್ನಾಗಿದೆ. ವಾಡಿ ಜಂಕ್ಷನ್ ಹಿಡಿದು ರೈಲು ಹಳಿಯ ಜೊತೆ ಹೋದರೆ ಯಾದಗಿರಿ ಹತ್ತಿರ ಭೀಮಾ ನದಿ ಕಾಣುತ್ತದೆ.

ಎಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುತ್ತದಾ?

ಇಲ್ಲ. ಹದ್ದು ರೆಕ್ಕೆ ಬಡಿಯದೆ ತೇಲುತ್ತದಲ್ಲ, ಹಾಗೆ ಇಳಿಯುತ್ತದೆ. ಸೆಸ್ನಾ ಒಂದು ಪಾಲು ಕೆಳಗಿಳಿಯುವಷ್ಟರಲ್ಲಿ ಒಂಬತ್ತು ಪಾಲು ಮುಂದೆ ಹೋಗುತ್ತದೆ. 3,000 ಅಡಿ ಎತ್ತರದಲ್ಲಿದ್ದರೆ, ಗಾಳಿ ಇಲ್ಲದ ದಿನ, ಸುಮಾರು 8 ಕಿಲೋಮೀಟರ್. ಹಾಗಾಗಿ ನಾವು ಹಾರುತ್ತಾ ಯಾವಾಗಲೂ ಒಂದು ಹೊಲ ಆರಿಸಿಕೊಂಡೇ ಇರುತ್ತೇವೆ. ಡಿಸೆಂಬರ್‌ನಲ್ಲಿ ತೊಗರಿ ಆಳೆತ್ತರ ನಿಂತಿರುತ್ತದೆ, ಅದು ಬೇಡ. ಕಟಾವಾದ ಹೊಲ ಒಳ್ಳೇದು. ಶಹಾಬಾದ್, ಸೇಡಂ ಕಡೆ ಕಲ್ಲಿನ ಗಣಿಗಳು ಜಾಸ್ತಿ. ಅಲ್ಲಿ ನಾನು ಸಾವಿರ ಅಡಿ ಹೆಚ್ಚು ಎತ್ತರದಲ್ಲೇ ದಾಟುತ್ತೇನೆ. ತಂತಿಗಳು ಮೇಲಿಂದ ಕಾಣಲ್ಲ. ಕಂಬ ನೋಡಿ ತಂತಿ ಇದೆ ಅಂತ ತಿಳಿಯಬೇಕು.

ದುಡ್ಡು ಕೊಡ್ತೀವಿ, ಹೈದರಾಬಾದ್‌ಗೆ ಬಿಟ್ಟು ಬರ್ತೀರಾ?

ಇಲ್ಲ. ಖಾಸಗಿ ಲೈಸೆನ್ಸ್ ಇಟ್ಟುಕೊಂಡು ಬಾಡಿಗೆಗೆ ಹಾರಿಸುವ ಹಾಗಿಲ್ಲ.

ಬೆಂಗಳೂರಿಗೆ ಹೋಗೋಕೆ ಇದು ಲಾಭನಾ?

ಬೆಂಗಳೂರಿನಲ್ಲಿ ಸಣ್ಣ ವಿಮಾನ ಇಳಿಯುವ ಜಕ್ಕೂರಿಗೆ ಸುಮಾರು 475 ಕಿಲೋಮೀಟರ್, ಎರಡು ಗಂಟೆ ಹತ್ತು ನಿಮಿಷ. 75 ಲೀಟರ್ ಏವ್‌ಗ್ಯಾಸ್, ನಿಲ್ದಾಣದ ಶುಲ್ಕ, ಹವಾಮಾನದ ಚಿಂತೆ. ಅತ್ತ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಮಲಗಿಕೊಂಡೇ ಹೋಗಬಹುದು. ಕೋರ್ಟ್ ತಾರೀಖು, ಆಸ್ಪತ್ರೆ, ಮುಹೂರ್ತ, ಇಂಥದ್ದಕ್ಕೆ ನಾನು ರೈಲೇ ಹತ್ತೋದು. ತಲುಪಲೇಬೇಕು ಅನ್ನುವ ದಿನ ಸಣ್ಣ ವಿಮಾನ ಹತ್ತಬಾರದು. ಕಪ್ಪು ಮೋಡ ಕಂಡಾಗ ವಾಪಸ್ ತಿರುಗೋಕೆ ಮನಸ್ಸು ಒಪ್ಪಲ್ಲ.

ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗ್ತೀರಾ?

ಧಾರಾಳವಾಗಿ. ಭಾನುವಾರ ಬೆಳಿಗ್ಗೆ ಬನ್ನಿ, ಆಧಾರ್ ಕಾರ್ಡ್ ತನ್ನಿ. ಮುಂದಿನ ಸೀಟಿನಲ್ಲಿ ಕೂರಿಸುತ್ತೇನೆ, ಕಾಲ ಹತ್ತಿರದ ಪೆಡಲ್ ಮುಟ್ಟಬೇಡಿ. ಟವರ್ ಒಪ್ಪಿದರೆ ಊರಿನ ಮೇಲೆ ಒಂದು ಸುತ್ತು ಹಾಕೋಣ. ಶರಣಬಸವೇಶ್ವರ ಕೆರೆ, ಕೋಟೆ, ಬಂದೇನವಾಜ್ ದರ್ಗಾದ ಬಿಳಿ ಗುಮ್ಮಟ, ಬುದ್ಧ ವಿಹಾರ, ಎಲ್ಲ ಕಾಣುತ್ತವೆ. ತಮ್ಮ ಮನೆ ಹುಡುಕೋಕೆ ಹೋಗಿ ಎಲ್ಲರೂ ಸೋಲುತ್ತಾರೆ. ಮೇಲಿಂದ ಎಲ್ಲ ಮನೆಗೂ ಒಂದೇ ಕಪ್ಪು ಸಿಂಟೆಕ್ಸ್. ಸುಸ್ಲಾ, ಮಿರ್ಚಿ ಭಜಿ ಮಾತ್ರ ತಿಂದು ಬರಬೇಡಿ. ಇಳಿದ ಮೇಲೆ ನಾನೇ ಕೊಡಿಸ್ತೀನಿ.